ಫುಟ್‌ಬೋರ್ಡ್ ಮೇಲಿನ ಸಂಸಾರ

ಸ್ಕೂಟರ್ ಶೋರೂಮಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಮಾರುವ ಹುಡುಗ ಮೈಲೇಜು, ಬ್ಲೂಟೂತ್, ಎಲ್‌ಇಡಿ ದೀಪ, ಈ ವರ್ಷದ ಹೊಸ ಬಣ್ಣ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿರುತ್ತಾನೆ. ಕೊಳ್ಳಲು ಬಂದ ಮಗ, ಕಣ್ಣೆದುರೇ ಸ್ಕೂಟರ್ ನಿಂತಿದ್ದರೂ, ಫೋನಿನಲ್ಲಿ ಅದರದೇ ವಿಡಿಯೊ ನೋಡುತ್ತಿರುತ್ತಾನೆ. ಅಪ್ಪ ಕಂತಿನ ಲೆಕ್ಕದಲ್ಲಿ ಮುಳುಗಿರುತ್ತಾರೆ. ಅಮ್ಮ ಮಾತ್ರ ಸೊಂಟ ಬಗ್ಗಿಸಿ, ಹ್ಯಾಂಡಲ್ಲಿಗೂ ಸೀಟಿಗೂ ನಡುವಿನ ಜಾಗವನ್ನು ಗೇಣು ಹಾಕಿ ಅಳೆದು ಕೇಳುತ್ತಾರೆ: ‘ಇಲ್ಲಿ ಸಿಲಿಂಡರ್ ನಿಲ್ಲತ್ತೇನಪ್ಪಾ?’

ಹುಡುಗ ಪೇಚಿಗೆ ಬೀಳುತ್ತಾನೆ. ‘ನಿಲ್ಲತ್ತಮ್ಮ, ಆದ್ರೆ ಹಾಗೆ ತಗೊಂಡು ಹೋಗಬಾರದು’ ಎನ್ನುತ್ತಾನೆ. ಅಮ್ಮ ಉತ್ತರದ ಮೊದಲರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ.

ಆ ಅಂಗಡಿಯಲ್ಲಿ ಸ್ಕೂಟರಿನ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದು ಆ ತಾಯಿಯೊಬ್ಬರೇ ಎಂಬುದು ನನ್ನ ಅಭಿಪ್ರಾಯ. ಬೈಕಿನಲ್ಲಿ ಪೆಟ್ರೋಲ್ ಟ್ಯಾಂಕ್ ಕೂರುವ ಜಾಗವನ್ನು ಸ್ಕೂಟರ್ ಖಾಲಿ ಬಿಡುತ್ತದೆ. ಆ ಖಾಲಿ ಜಾಗಕ್ಕಾಗಿಯೇ ನಮ್ಮ ಮಧ್ಯಮ ವರ್ಗ ಸ್ಕೂಟರ್ ಕೊಳ್ಳುವುದು. ಉಳಿದದ್ದೆಲ್ಲ ನಂತರದ ಮಾತು. ತಿಂಗಳ ಮೊದಲ ವಾರದಲ್ಲಿ ಅಲ್ಲಿ 25 ಕಿಲೊ ಸೋನಾ ಮಸೂರಿ ಚೀಲ ಮಲಗಿರುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಬೋರ್‌ವೆಲ್ಲುಗಳು ಕೈಕೊಟ್ಟ 2024ರಂಥ ಬೇಸಿಗೆಯಲ್ಲಿ, 20 ಲೀಟರ್ ನೀರಿನ ಕ್ಯಾನ್. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನ ಕಡೆಯಿಂದ ಬರುವ ಸ್ಕೂಟರುಗಳಲ್ಲಿ ಸೇವಂತಿಗೆ ಮೂಟೆ. ಗೌರಿ ಹಬ್ಬದ ಹಿಂದಿನ ಸಂಜೆ ಒಂದು ಕಡೆ ಬಾಳೆಕಂದು, ಇನ್ನೊಂದು ಕಡೆ ಕಬ್ಬಿನ ಜಲ್ಲೆ, ನಡುವೆ ಪೇಪರು ಸುತ್ತಿಸಿಕೊಂಡು ಸವಾರನಿಗೆ ಬೆನ್ನು ಮಾಡಿ ಕುಳಿತ ಗಣಪ. ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಡೇರಿಗೆ ಹಾಲಿನ ಕ್ಯಾನ್ ಸಾಗಿಸುವ ಟಿವಿಎಸ್ ಎಕ್ಸೆಲ್ ಗಾಡಿಯನ್ನು ಯಾರೂ ಸ್ಕೂಟರ್ ಎನ್ನುವುದಿಲ್ಲ. ಆದರೆ ಅದು ಬಾಳುತ್ತಿರುವುದೂ ಇದೇ ಜಾಗದ ಬಲದ ಮೇಲೆ.

ಈ ಜಾಗವನ್ನು ಖಾಲಿ ಬಿಡಬೇಕೆಂದು ಹೊಳೆದದ್ದು ಒಬ್ಬ ವಿಮಾನ ಎಂಜಿನಿಯರಿಗೆ. ಇಟಲಿಯ ಪಿಯಾಜಿಯೊ ಕಂಪನಿ ಎರಡನೆಯ ಮಹಾಯುದ್ಧದವರೆಗೆ ವಿಮಾನ ಕಟ್ಟುತ್ತಿತ್ತು. ಪಾಂಟೆಡೆರಾದಲ್ಲಿದ್ದ ಅದರ ಕಾರ್ಖಾನೆ ಬಾಂಬಿಗೆ ಸಿಕ್ಕಿ ನೆಲಸಮವಾಯಿತು. ಯುದ್ಧ ಮುಗಿದಾಗ ರಸ್ತೆಗಳು ಹಾಳು, ಜನರ ಕೈಯಲ್ಲಿ ಕಾಸಿಲ್ಲ, ವಿಮಾನ ಕೊಳ್ಳುವವರೂ ಇಲ್ಲ. ಅಗ್ಗದ ಗಾಡಿಯೊಂದು ಬೇಕೆಂದು ಮಾಲೀಕ ಎನ್ರಿಕೊ ಪಿಯಾಜಿಯೊ ಆ ಕೆಲಸವನ್ನು ಕೊರಾಡಿನೊ ಡಿ’ಅಸ್ಕಾನಿಯೊಗೆ ಒಪ್ಪಿಸಿದ. ಈತನಿಗೆ ಹೆಲಿಕಾಪ್ಟರ್ ಕಟ್ಟಿದ ಅನುಭವವಿತ್ತು, ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಚೈನಿನ ಎಣ್ಣೆ ಬಟ್ಟೆಗೆ ಮೆತ್ತುತ್ತದೆ, ಚಕ್ರ ಬಿಚ್ಚುವುದು ಪ್ರಾಣಸಂಕಟ, ಹತ್ತಬೇಕಾದರೆ ಕಾಲೆತ್ತಿ ಆಚೆ ಹಾಕಬೇಕು ಎಂಬುದು ಅವನ ತಕರಾರು. ಒಂದೊಂದು ತಕರಾರಿಗೂ ಒಂದೊಂದು ಪರಿಹಾರ ಹುಡುಕಿದ. ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೇ ತಂದು ಚೈನನ್ನು ಕಿತ್ತುಹಾಕಿದ. ವಿಮಾನದ ಚಕ್ರದ ಮಾದರಿಯಲ್ಲಿ ಮುಂದಿನ ಚಕ್ರವನ್ನು ಒಂದೇ ಬದಿಯಿಂದ ಹಿಡಿದು ನಿಲ್ಲಿಸಿದ. ತಗಡಿನ ಮೈಯನ್ನೇ ಚೌಕಟ್ಟಾಗಿ ಮಾಡಿದ, ಗೇರನ್ನು ಕೈಗೆ ಕೊಟ್ಟ, ಕೆಸರು ಸಿಡಿಯದಂತೆ ಮುಂದೆ ಅಡ್ಡ ಹಲಗೆ ಇಟ್ಟ, ನಡುವೆ ನೆಲ ಹಾಸಿದ. 1946ರ ಏಪ್ರಿಲ್‌ನಲ್ಲಿ ಪೇಟೆಂಟಿಗೆ ಅರ್ಜಿ ಬಿತ್ತು. ಆ ಗಾಡಿಯೇ ವೆಸ್ಪಾ. ಮರುವರ್ಷ ಮಿಲಾನಿನ ಇನೊಸೆಂಟಿ ಕಂಪನಿಯ ಲ್ಯಾಂಬ್ರೆಟಾ ಬಂತು.

ಲಂಗ ತೊಟ್ಟ ಇಟಲಿಯ ಹೆಂಗಸರಿಗೂ ಅನುಕೂಲವಾಗಲೆಂದು ಬಿಟ್ಟ ಆ ಜಾಗ ಸೀರೆಗೂ ಪಂಚೆಗೂ ಇಷ್ಟು ಚೆನ್ನಾಗಿ ಒಗ್ಗೀತು ಎಂದು ಡಿ’ಅಸ್ಕಾನಿಯೊ ಎಣಿಸಿರಲಿಕ್ಕಿಲ್ಲ.

ನಮ್ಮಲ್ಲಿಗೆ ಮೊದಲು ಬಂದದ್ದು ಲ್ಯಾಂಬ್ರೆಟಾ, ಮುಂಬೈಯಲ್ಲಿ ಜೋಡಿಸಿದ್ದು. ಪಿಯಾಜಿಯೊ ಪರವಾನಗಿ ಪಡೆದ ಬಜಾಜ್ 1961ರಲ್ಲಿ ಪುಣೆಯಲ್ಲಿ ವೆಸ್ಪಾ ತಯಾರಿಸತೊಡಗಿತು. 1971ರಲ್ಲಿ ಆ ಒಪ್ಪಂದ ಮುಗಿಯಿತು. ಮರುವರ್ಷ ಅದೇ ಅಚ್ಚಿನ ಗಾಡಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಆಗಿ ಹೊರಬಂತು. ಆಮೇಲಿನ ಕಥೆಯನ್ನು ಅರವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಎಷ್ಟು ಗಾಡಿ ಮಾಡಬೇಕೆಂಬುದನ್ನು ಸರ್ಕಾರದ ಪರವಾನಗಿ ನಿರ್ಧರಿಸುತ್ತಿದ್ದ ಕಾಲ ಅದು. ಹಣ ಕಟ್ಟಿ ಹೆಸರು ನೋಂದಾಯಿಸಿದರೆ ಗಾಡಿ ಬರಲು ಹತ್ತು ವರ್ಷ ಹಿಡಿದದ್ದೂ ಉಂಟು. ಬುಕಿಂಗ್ ರಸೀದಿಗೇ ಬೆಲೆಯಿತ್ತು. ವಿದೇಶಿ ಹಣ ತೆತ್ತರೆ ಸಾಲು ತಪ್ಪಿಸಿ ಬೇಗ ಸಿಗುತ್ತಿತ್ತು. ಹಾಗಾಗಿ ಹೊರದೇಶದಲ್ಲಿ ನೆಂಟರಿದ್ದವರ ಮರ್ಯಾದೆಯೇ ಬೇರೆ. ವರದಕ್ಷಿಣೆಯ ಮಾತುಕತೆಯಲ್ಲಿ ‘ಹುಡುಗನಿಗೊಂದು ಸ್ಕೂಟರ್’ ಎಂಬ ಬೇಡಿಕೆ ನಾಚಿಕೆಯಿಲ್ಲದೆ ನುಸುಳಿದ್ದೂ ಆಗಲೇ.

ಆ ಚೇತಕ್ಕನ್ನು ಓಡಿಸುವುದಕ್ಕಿಂತ ಹೊರಡಿಸುವುದೇ ದೊಡ್ಡ ವಿದ್ಯೆಯಾಗಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಚಳಿಗಾಲದ ಬೆಳಗ್ಗೆ ಪಕ್ಕಕ್ಕೆ ಬಾಗಿಸಿ, ನಿಲ್ಲಿಸಿ, ಮತ್ತೆ ಬಾಗಿಸಿ ಕಿಕ್ ಹೊಡೆಯಬೇಕು. ಆಗಲೂ ಏಳದಿದ್ದರೆ ಡಿಕ್ಕಿಯಿಂದ ಪ್ಲಗ್ ಸ್ಪ್ಯಾನರ್ ತೆಗೆದು, ಪ್ಲಗ್ ಬಿಚ್ಚಿ, ಮಸಿಯನ್ನು ಮರಳು ಕಾಗದದಲ್ಲಿ ಉಜ್ಜಬೇಕು. ಎಂಜಿನ್ ಬಲಗಡೆಗೆ ತೂಗುತ್ತಿದ್ದುದರಿಂದ ಹೊಸಬರಿಗೆ ಗಾಡಿ ಒಂದು ಕಡೆಗೆ ಎಳೆದಂತಾಗುತ್ತಿತ್ತು. ಇಷ್ಟಾದರೂ ದೊಡ್ಡ ಮಗು ಫುಟ್‌ಬೋರ್ಡಿನಲ್ಲಿ ಹ್ಯಾಂಡಲ್ ಹಿಡಿದು ನಿಂತು, ಚಿಕ್ಕದು ನಡುವೆ ಸಿಕ್ಕಿಕೊಂಡು, ಹೆಂಡತಿ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು ಇಡೀ ಸಂಸಾರ ಬನಶಂಕರಿಯಿಂದ ಮಲ್ಲೇಶ್ವರದ ಮದುವೆಗೆ ಹೋಗಿ ಬರುತ್ತಿತ್ತು. ಪಂಕ್ಚರ್ ಆದರೆ ಸ್ಟೆಪ್ನಿ ಬೆನ್ನಿಗೇ ಇತ್ತು. ಈಗಿನ ಸ್ಕೂಟರುಗಳಲ್ಲಿ ಅದಿಲ್ಲ. ಟ್ಯೂಬ್‌ಲೆಸ್ ಟೈರು ಬಂದ ಮೇಲೆ ಬೇಕಾಗಿಯೂ ಇಲ್ಲ ಎನ್ನುತ್ತಾರೆ. ಊರ ಹೊರಗೆ ರಾತ್ರಿ ಹೊತ್ತು ನಿಂತವರು ಬೇರೆ ಏನೋ ಹೇಳುತ್ತಾರೆ.

ಚೇತಕ್ ಎಷ್ಟು ಗಟ್ಟಿ ಎಂಬುದಕ್ಕೆ ಮೈಸೂರಿನ ಡಿ. ಕೃಷ್ಣಕುಮಾರ್ ಸಾಕು. ತಂದೆ ಕೊಡಿಸಿದ ಹಳೆಯ ಚೇತಕ್ಕಿನಲ್ಲಿ, ಊರು ಬಿಟ್ಟು ಹೊರಗೆ ಕಾಣದ ತಾಯಿಯನ್ನು ಕೂರಿಸಿಕೊಂಡು ಅವರು 2018ರಲ್ಲಿ ತೀರ್ಥಯಾತ್ರೆಗೆ ಹೊರಟರು. ಹತ್ತಾರು ಸಾವಿರ ಕಿಲೊಮೀಟರ್ ದೇಶ ಸುತ್ತಿದರು. ಮೆಚ್ಚಿದ ಉದ್ಯಮಿಯೊಬ್ಬರು ಕಾರು ಕೊಡುವುದಾಗಿ ಹೇಳಿದ್ದು ಸುದ್ದಿಯಾಯಿತು. ಸುದ್ದಿಯಾಗಬೇಕಾದದ್ದು ಆ ಎಂಜಿನ್ ಎಂದು ನನ್ನ ಗ್ಯಾರೇಜಿನ ಅಣ್ಣನ ವಾದ.

ಇಂಥ ಗಾಡಿ ಮಾಡಿದ ಕಂಪನಿಯೇ 2009ರ ಕೊನೆಯಲ್ಲಿ, ಇನ್ನು ಸ್ಕೂಟರ್ ಸಹವಾಸ ಸಾಕು, ಬೈಕಷ್ಟೇ ಮಾಡುತ್ತೇವೆ ಎಂದುಬಿಟ್ಟಿತು. ವ್ಯಾಪಾರದ ಇತಿಹಾಸದಲ್ಲಿ ಇದಕ್ಕಿಂತ ವಿಚಿತ್ರ ನಿರ್ಗಮನ ಸಿಗುವುದು ಕಷ್ಟ. ಏಕೆಂದರೆ ಅಷ್ಟು ಹೊತ್ತಿಗೆ ಸ್ಕೂಟರಿಗೆ ಎರಡನೆಯ ಜನ್ಮ ಬಂದಾಗಿತ್ತು.

ಆ ಜನ್ಮದ ಗುಟ್ಟು ಗೇರ್ ಇಲ್ಲದಿರುವುದು. 1980ರ ದಶಕದ ನಡುವೆ ಬಂದ ಕೈನೆಟಿಕ್ ಹೋಂಡಾದಲ್ಲಿ ಗೇರ್ ಇರಲಿಲ್ಲ, ಗುಂಡಿ ಒತ್ತಿದರೆ ಎಂಜಿನ್ ಏಳುತ್ತಿತ್ತು. 1990ರ ದಶಕದಲ್ಲಿ ಟಿವಿಎಸ್ ಸ್ಕೂಟಿ ಇನ್ನೂ ಹಗುರಾಗಿ ಬಂತು. 2001ರಲ್ಲಿ ಹೋಂಡಾ ಆಕ್ಟಿವಾ. ಹೀರೊ ಹೋಂಡಾ ಜೊತೆಗಿನ ಒಪ್ಪಂದದಿಂದಾಗಿ ಹೋಂಡಾ ಆಗ ತನ್ನದೇ ಬೈಕು ಮಾಡುವಂತಿರಲಿಲ್ಲ; ಬೇರೆ ದಾರಿಯಿಲ್ಲದೆ ಸ್ಕೂಟರಿನಿಂದ ಶುರು ಮಾಡಿತು. 102 ಸಿಸಿಯ, ತಗಡು ಮೈಯ ಆ ಗಾಡಿ ಎಷ್ಟು ಓಡಿತೆಂದರೆ 2013ರಲ್ಲಿ ಕೋಲಾರದ ನರಸಾಪುರದಲ್ಲಿ ಕಂಪನಿ ಇನ್ನೊಂದು ಕಾರ್ಖಾನೆಯನ್ನೇ ತೆರೆಯಬೇಕಾಯಿತು.

ಗೇರಿನ ಬದಲು ಒಳಗೆ ಇರುವುದು ಎರಡು ಪುಲ್ಲಿ ಮತ್ತು ಒಂದು ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಯೊಳಗೆ ಪುಟ್ಟ ಪುಟ್ಟ ರೋಲರುಗಳಿವೆ. ಎಂಜಿನ್ ಜೋರಾದಂತೆ ಅವು ಹೊರಕ್ಕೆ ಚಿಮ್ಮಿ ಪುಲ್ಲಿಯ ಎರಡು ಹೋಳುಗಳನ್ನು ಹತ್ತಿರಕ್ಕೆ ಒತ್ತುತ್ತವೆ. ಬೆಲ್ಟ್ ಮೇಲಕ್ಕೇರುತ್ತದೆ, ವೇಗ ಏರುತ್ತದೆ. ಹಿಂದಿನ ಕ್ಲಚ್ಚು ಎಂಜಿನ್ನಿನ ಸುತ್ತು ಹೆಚ್ಚಾದಾಗ ತಾನೇ ಹಿಡಿದುಕೊಳ್ಳುತ್ತದೆ, ಇಳಿದಾಗ ತಾನೇ ಬಿಡುತ್ತದೆ. ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿದು ಎಡಗೈ ಬೆರಳು ನೋಯಿಸಿಕೊಳ್ಳುವ ಕೆಲಸವಿಲ್ಲ. ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿವರೆಗೆ ಒಂದು ಸಂಜೆ ಬೈಕಿನಲ್ಲಿ, ಇನ್ನೊಂದು ಸಂಜೆ ಸ್ಕೂಟರಿನಲ್ಲಿ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲ್ಟ್ ಒಂದು ಸವೆಯುವ ವಸ್ತು ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಇಪ್ಪತ್ತು ಸಾವಿರ ಕಿಲೊಮೀಟರಿನ ಆಸುಪಾಸಿನಲ್ಲಿ ಅದನ್ನು ತೆರೆಸಿ ನೋಡಬೇಕು. ಎಣ್ಣೆ ಬದಲಿಸಿಯೇ ‘ಸರ್ವಿಸ್ ಆಯ್ತು’ ಎನ್ನುವವರ ಗಾಡಿಯಲ್ಲಿ ಅದು ನಡುರಸ್ತೆಯಲ್ಲಿ ತುಂಡಾಗುತ್ತದೆ.

ಅಪ್ಪನ ಚೇತಕ್ಕನ್ನು ಸ್ಟ್ಯಾಂಡಿಗೆ ಹಾಕಲಾರದ ಮಗಳು ಸ್ಕೂಟಿ ಹತ್ತಿ ಟ್ಯೂಷನ್ನಿಗೆ ಹೋದಳು. ಧಾರವಾಡದ ಮೇಷ್ಟ್ರಮ್ಮ ಹಳ್ಳಿಯ ಶಾಲೆಗೆ, ಉಡುಪಿಯ ನರ್ಸು ರಾತ್ರಿ ಪಾಳಿಗೆ, ಮೈಸೂರಿನ ಸೊಸೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟರು. ಬಸ್ಸಿನ ವೇಳೆಗೂ ಗಂಡನ ಪುರುಸೊತ್ತಿಗೂ ಕಾಯದೆ ಮನೆಯಿಂದ ಹೊರಗೆ ಹೋಗಿ ಬರುವ ಸ್ವಾತಂತ್ರ್ಯವನ್ನು ಕರ್ನಾಟಕದ ಪಟ್ಟಣದ ಹೆಂಗಸರಿಗೆ ಈ ಬೆಲ್ಟು-ಪುಲ್ಲಿಯಷ್ಟು ಬೇಗ ಬೇರೆ ಯಾವುದೂ ಕೊಡಲಿಲ್ಲ ಎಂದು ನಾನು ನಂಬಿದ್ದೇನೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದಾಗ ಎಷ್ಟೋ ಮನೆಗಳ ಲೆಕ್ಕ ಬದಲಾಯಿತು, ನಿಜ. ಆದರೂ ಮನೆಯಿಂದ ಬಸ್ ಸ್ಟಾಪಿಗೆ, ಸ್ಟಾಪಿನಿಂದ ಮಗುವಿನ ಶಾಲೆಗೆ, ಅಲ್ಲಿಂದ ತರಕಾರಿಗೆ ಎನ್ನುವ ಮೂರು ತುಂಡು ಓಡಾಟಕ್ಕೆ ಇಂದಿಗೂ ಸ್ಕೂಟರೇ ಗತಿ.

ಇನ್ನು ಕೊಳ್ಳುವ ವಿಚಾರ. ನಮ್ಮಲ್ಲಿ ಸ್ಕೂಟರಿನ ವ್ಯಾಪಾರ ಪಂಚಾಂಗದ ಪ್ರಕಾರ ನಡೆಯುತ್ತದೆ. ಆಷಾಢದಲ್ಲಿ ಶೋರೂಮು ಬಿಕೋ ಎನ್ನುತ್ತದೆ. ಯುಗಾದಿ, ಅಕ್ಷಯ ತೃತೀಯ, ಆಯುಧಪೂಜೆಗೆ ಕಾಲಿಡಲು ಜಾಗವಿರುವುದಿಲ್ಲ. ಹಬ್ಬದ ದಿನವೇ ಗಾಡಿ ಮನೆಗೆ ಬರಬೇಕೆಂಬ ಆಸೆಯವರಿಗೆ ನನ್ನ ಆಕ್ಷೇಪವಿಲ್ಲ. ಆದರೆ ಆ ನೂಕುನುಗ್ಗಲಿನಲ್ಲಿ ಬಿಲ್ಲನ್ನು ಸಾಲುಸಾಲಾಗಿ ಓದಲು ಯಾರಿಗೂ ವ್ಯವಧಾನವಿರುವುದಿಲ್ಲ. ದೇವರಲ್ಲಿ ಭಯವಿದ್ದವರೂ ಆಷಾಢದಲ್ಲಿ ಬುಕ್ ಮಾಡಿ ಶ್ರಾವಣದಲ್ಲಿ ತರಬಹುದು; ರಿಯಾಯಿತಿಯೂ ಆಗಲೇ ಹೆಚ್ಚು.

ಬಿಲ್ಲನ್ನು ಓದಲೇಬೇಕು. ಶೋರೂಮ್ ಬೆಲೆ ಒಂದು, ರಸ್ತೆಗಿಳಿಯುವಾಗಿನ ಬೆಲೆ ಇನ್ನೊಂದು. ನಡುವಿನ ಕಂದರದಲ್ಲಿ ಆಜೀವ ತೆರಿಗೆ, ನೋಂದಣಿ, ವಿಮೆ ಇವೆ. ಇವು ನ್ಯಾಯವಾದವು. ಅದೇ ಕಂದರದಲ್ಲಿ ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬುದೂ, ಕೇಳದಿದ್ದರೂ ಗಾಡಿಗೆ ಕೂತುಬಿಡುವ ಗಾರ್ಡು, ಮ್ಯಾಟು, ಸೀಟ್ ಕವರಿನ ಪಟ್ಟಿಯೂ ಇರುತ್ತವೆ. ಇವು ಯಾವುದಕ್ಕೆ, ಕಡ್ಡಾಯವೇ ಎಂದು ಮೆಲ್ಲಗೆ ಕೇಳಿ. ಎಷ್ಟೋ ಸಲ ಕೇಳಿದ್ದಕ್ಕೇ ಒಂದೆರಡು ಸಾಲು ಮಾಯವಾಗುತ್ತವೆ. ವಿಮೆಯನ್ನು ಅಂಗಡಿಯವರ ಬಳಿಯೇ ಮಾಡಿಸಬೇಕೆಂದೇನೂ ಇಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಮೂರನೆಯವರ ವಿಮೆಯನ್ನು ಒಟ್ಟಿಗೇ ಐದು ವರ್ಷಕ್ಕೆ ಮಾಡಿಸಬೇಕು. ನಮ್ಮ ಗಾಡಿಯ ಹಾನಿಯ ವಿಮೆ ಬೇರೆಯೇ. ಅದು ವರ್ಷಕ್ಕೆ ಮುಗಿದಿದ್ದರೂ ‘ನಂದು ಐದು ವರ್ಷ ಇದೆ’ ಎಂದು ಧೈರ್ಯವಾಗಿ ಓಡಾಡುವವರು ಬಹಳ. ಗಾಡಿ ಕೊಳ್ಳುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಕೇಳದವರಿಗೆ ಸಿಗುವುದು ಸಿಹಿ ಡಬ್ಬ ಮತ್ತು ಕೀ ಗೊಂಚಲು.

ತೆರಿಗೆ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ.

ಮೈಲೇಜಿನ ಬಗ್ಗೆ ನಮ್ಮ ಜನಕ್ಕಿರುವ ವ್ಯಾಮೋಹ ನನಗೆ ಎಂದೂ ಅರ್ಥವಾಗಿಲ್ಲ. ದಿನಕ್ಕೆ 20 ಕಿಲೊಮೀಟರಿನಂತೆ ತಿಂಗಳಿಗೆ 25 ದಿನ ಓಡಿಸಿದರೆ 500 ಕಿಲೊಮೀಟರ್. ಲೀಟರಿಗೆ 50 ಕೊಡುವ ಗಾಡಿ 10 ಲೀಟರ್ ಕುಡಿಯುತ್ತದೆ, 45 ಕೊಡುವುದು 11 ಲೀಟರಿಗೆ ತುಸು ಹೆಚ್ಚು. ಪೆಟ್ರೋಲ್ ನೂರರ ಗಡಿ ದಾಟಿರುವ ಈ ಕಾಲದಲ್ಲೂ ವ್ಯತ್ಯಾಸ ತಿಂಗಳಿಗೆ ನೂರಹತ್ತು ರೂಪಾಯಿಯ ಸುತ್ತಮುತ್ತ, ಅಂದರೆ ಒಂದೂವರೆ ಮಸಾಲೆ ದೋಸೆ. ಇದಕ್ಕಾಗಿ ಕಾಲು ನೆಲಕ್ಕೆ ಎಟುಕದ ಗಾಡಿಯನ್ನು ಮನೆಗೆ ತರುತ್ತಾರೆ.

ಹೌದು, ಕಾಲು. ಗಾಡಿಯನ್ನು ಪರೀಕ್ಷಿಸಬೇಕಾದವರು ಮನೆಯಲ್ಲಿ ಅತಿ ಎತ್ತರದವರಲ್ಲ, ಅತಿ ಗಿಡ್ಡದವರು. ಅದೂ ದಿನಾ ಉಡುವ ಬಟ್ಟೆಯಲ್ಲಿ, ದಿನಾ ಮೆಟ್ಟುವ ಚಪ್ಪಲಿಯಲ್ಲಿ. ಆಕ್ಟಿವಾ, ಜುಪಿಟರ್ ಮೊದಲಾದವುಗಳ ಸೀಟು ನೆಲದಿಂದ ಸುಮಾರು 765 ಮಿಲಿಮೀಟರ್ ಎತ್ತರ; ಇನ್ನು ಕೆಲವು ಹತ್ತು-ಹದಿನೈದು ಮಿಲಿಮೀಟರ್ ಹೆಚ್ಚು. ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಸೀಟು ಅಗಲವಾಗಿದ್ದರೆ ತೊಡೆ ಹೊರಕ್ಕೆ ಚಾಚಿ ಅದೇ ಎತ್ತರದಲ್ಲೂ ಹಿಮ್ಮಡಿ ಮೇಲೇಳುತ್ತದೆ. ಇಳಿಜಾರಿನ ಸಿಗ್ನಲ್ಲಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಒಂದು ಪಾದವಾದರೂ ಪೂರ್ತಿ ಊರದಿದ್ದರೆ ಗಾಡಿ ನಿಮ್ಮ ಮಾತು ಕೇಳುವುದಿಲ್ಲ. ಶೋರೂಮಿನ ನುಣುಪು ನೆಲದ ಮೇಲೆ ಕೂತು ನೋಡುವ ಬದಲು ಪಕ್ಕದ ರಸ್ತೆಯ ಹಂಪಿನ ಮೇಲೆ ಹತ್ತಿಸಿ ನೋಡಿ. ಸಾಲಾಗಿ ನಿಂತ ಗಾಡಿಗಳ ನಡುವಿನಿಂದ ಹಿಂದಕ್ಕೆ ಎಳೆದು ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿ. ಅದಕ್ಕೆ ಬೇಕಾದದ್ದು ರಟ್ಟೆಯ ಬಲವಲ್ಲ, ಸ್ಟ್ಯಾಂಡಿನ ಕಿವಿಯ ಮೇಲೆ ಪಾದದಿಂದ ಪೂರ್ತಿ ಭಾರ ಹಾಕುವ ಹದ.

ಪೆಟ್ರೋಲ್ ಹಾಕುವ ಬಾಯಿ ಎಲ್ಲಿದೆ ಎಂಬುದೂ ಚಿಕ್ಕ ವಿಷಯವಲ್ಲ. ಸೀಟಿನಡಿ ಇದ್ದರೆ ಬಂಕಿನಲ್ಲಿ ಹಿಂದಿನವರು ಇಳಿಯಬೇಕು, ಚೀಲ ಇಳಿಸಬೇಕು, ಸೀಟು ಎತ್ತಬೇಕು. ಹಿಂದಿನ ಗಾಡಿಯವನು ಆಗಲೇ ಹಾರ್ನ್ ಹೊಡೆಯುತ್ತಿರುತ್ತಾನೆ. 2021ರಲ್ಲಿ ಬಂದ ಜುಪಿಟರ್ 125ರಲ್ಲಿ ಟ್ಯಾಂಕನ್ನೇ ಫುಟ್‌ಬೋರ್ಡಿನ ಕೆಳಗೆ ಹುದುಗಿಸಿ, ಬಾಯಿಯನ್ನು ಮುಂದೆ ಇಟ್ಟರು. ಸೀಟಿನಡಿ ಜಾಗವೂ ಹೆಚ್ಚಿತು. ಡಿ’ಅಸ್ಕಾನಿಯೊ ಬರೀ ಕಾಲಿಡಲು ಬಿಟ್ಟಿದ್ದ ನೆಲ ಈಗ ನೆಲಮಾಳಿಗೆಯನ್ನೂ ಪಡೆಯಿತು.

ಗಾಡಿ ಮನೆಗೆ ಬಂದು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿ, ಮರುದಿನ ಕಚೇರಿಗೆ ಹೊರಟಿತು ಎನ್ನಿ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ಅವುಗಳಲ್ಲಿ ಹೆಚ್ಚಿನವು ಎರಡು ಚಕ್ರದವೇ. ಇಷ್ಟಿದ್ದೂ ಈ ಊರಿನ ರಸ್ತೆಯನ್ನು ಸ್ಕೂಟರಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದನ್ನು ನಾನು ಕಂಡಿಲ್ಲ. ಸ್ಕೂಟರಿನ ಚಕ್ರ ಚಿಕ್ಕದು, 10 ಅಥವಾ 12 ಇಂಚಿನದು. ಬೈಕಿನ 17-18 ಇಂಚಿನ ಚಕ್ರ ಮೇಲೆಯೇ ದಾಟಿಹೋಗುವ ಗುಂಡಿಗೆ ಸ್ಕೂಟರಿನ ಚಕ್ರ ಪೂರ್ತಿ ಇಳಿದು ಏಳುತ್ತದೆ. ಹಾಗಾಗಿ ಗುಂಡಿಯ ಊರಿನಲ್ಲಿರುವವರು ಕನಿಷ್ಠ ಮುಂದಿನದಾದರೂ 12 ಇಂಚಿನ ಚಕ್ರವಿರುವ ಗಾಡಿ ನೋಡುವುದು ಒಳ್ಳೆಯದು. ಐದು ಸಾವಿರ ಹೆಚ್ಚಾದರೂ ಬೆನ್ನುಮೂಳೆಯ ಲೆಕ್ಕದಲ್ಲಿ ಅದು ಉಳಿತಾಯ.

ಮಳೆ ಬಂದರೆ ಇನ್ನೊಂದು ಅಧ್ಯಾಯ. ಫ್ಲೈಓವರಿನ ಕೆಳಗೆ ನೂರು ಸ್ಕೂಟರುಗಳು ಒತ್ತಿಕೊಂಡು ನಿಂತು ಅರ್ಧ ರಸ್ತೆ ಮುಚ್ಚುತ್ತವೆ, ಕಾರಿನವರು ಬೈಯುತ್ತಾರೆ. ಅವರು ಛಾವಣಿಯಡಿ ಕೂತು ಬೈಯುತ್ತಿರುವುದರಿಂದ ಆ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಮಾತ್ರ ಇಳಿಯಬೇಡಿ. ಬೆಲ್ಟಿನ ಪೆಟ್ಟಿಗೆಯೊಳಗೆ ನೀರು ಹೊಕ್ಕರೆ ಬೆಲ್ಟು ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಡ್ರಮ್ ಬ್ರೇಕಿಗೆ ನೀರು ಹೋದರೆ ಮುಂದಿನ ಒಂದಿಷ್ಟು ದೂರ ಬ್ರೇಕು ಹೆಸರಿಗಷ್ಟೇ. 2019ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಎಡಗೈಯ ಹಿಡಿ ಒಂದನ್ನೇ ಒತ್ತುವ ನಮ್ಮ ಹಳೆಯ ಚಾಳಿಗೆ ಕಾನೂನೇ ಹೊಂದಿಕೊಂಡಿತು ಎನ್ನಬೇಕು.

ಸ್ಕೂಟರಿಗೇ ವಿಶೇಷವಾದ ಒಂದು ಅಪಾಯವಿದೆ. ಇದನ್ನು ಯಾವ ಶೋರೂಮಿನವರೂ ಹೇಳಿಕೊಡುವುದಿಲ್ಲ. ಎಂಜಿನ್ ಆರಿಸದೆ ಇಳಿದು, ಬಲಗೈಯಲ್ಲಿ ಆಕ್ಸಿಲರೇಟರ್ ಹಿಡಿದೇ ಗಾಡಿಯನ್ನು ತಳ್ಳಲು ಹೋಗುತ್ತಾರೆ. ಕೈ ತುಸು ತಿರುಗಿದರೆ ಸಾಕು, ಕ್ಲಚ್ಚು ತಾನೇ ಹಿಡಿದುಕೊಳ್ಳುವ ಗಾಡಿ ಎಗರಿ ಗೇಟಿಗೋ ಗೋಡೆಗೋ ನುಗ್ಗುತ್ತದೆ. ಹೆದರಿದವರು ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ, ಆಗ ಅದು ಇನ್ನೂ ತಿರುಗುತ್ತದೆ. ಚಾಲೂ ಗಾಡಿಯ ಫುಟ್‌ಬೋರ್ಡಿನಲ್ಲಿ ನಿಂತ ಮಗು ಹ್ಯಾಂಡಲ್ ಜೊತೆ ಆಡುವಾಗಲೂ ಆಗುವುದು ಇದೇ. ಕೀ ತಿರುಗಿಸಿ ಆರಿಸಿದ ಮೇಲೆಯೇ ಇಳಿಯುವುದನ್ನು ಮೊದಲ ದಿನವೇ ಕಲಿಸಬೇಕು, ಓಡಿಸುವುದನ್ನು ಆಮೇಲೆ.

ಫುಟ್‌ಬೋರ್ಡಿನ ಮೇಲೆ ಮಗು ನಿಲ್ಲಿಸುವ ಪದ್ಧತಿಯ ಬಗ್ಗೆ ನನಗೆ ಎರಡು ಮನಸ್ಸಿಲ್ಲ. ಗಾಳಿ ಮುಖಕ್ಕೆ ಬಡಿಯುತ್ತ ಊರು ನೋಡಿದ ಸುಖ ನಮ್ಮ ತಲೆಮಾರಿನ ಎಲ್ಲರ ನೆನಪಲ್ಲೂ ಇದೆ. ಆದರೆ ಆ ದಿನಗಳ ರಸ್ತೆ ಬೇರೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಗಾಡಿ ದಿಢೀರನೆ ನಿಂತಾಗ ಮುಂದೆ ನಿಂತ ಮಗುವಿನ ಮುಖ ಮೊದಲು ಹ್ಯಾಂಡಲ್ಲಿಗೆ ಹೊಡೆಯುತ್ತದೆ, ಹಿಂದಿನಿಂದ ದೊಡ್ಡವರ ಮೈಭಾರ ಬೀಳುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಸವಾರರಿಗೆ ಕಟ್ಟುವ ಪಟ್ಟಿ, ಅವರ ತಲೆಗೊಪ್ಪುವ ಹೆಲ್ಮೆಟ್, ಗಂಟೆಗೆ 40 ಕಿಲೊಮೀಟರ್ ಮೀರದ ವೇಗ ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಆ ಪಟ್ಟಿಯನ್ನು ಬೆಂಗಳೂರಿನ ರಸ್ತೆಯಲ್ಲಿ ನೀವು ಎಷ್ಟು ಸಲ ಕಂಡಿದ್ದೀರಿ? ದೊಡ್ಡವರ ಹೆಲ್ಮೆಟ್ಟಿನ ಕಥೆಯೂ ಇಷ್ಟೇ. ಹಿಂದೆ ಕೂತವರಿಗೂ ರಾಜ್ಯದಲ್ಲಿ 2016ರಿಂದ ಕಡ್ಡಾಯ. ತಲೆಯ ಮೇಲಿರುವುದು ಹೆಚ್ಚಾಗಿ ಪೊಲೀಸರಿಗೆ ತೋರಿಸುವ ಅರ್ಧ ಟೊಪ್ಪಿ. ಹೆಂಗಸರಿಗೆ ಇನ್ನೊಂದು ಮಾತು: ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡು ಅಲಂಕಾರವಲ್ಲ, ಕಾನೂನು ಕೇಳುವ ಭಾಗ. ದುಪಟ್ಟಾ ಮಾತ್ರ ಅದನ್ನೂ ತಪ್ಪಿಸಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಹತ್ತುವ ಮೊದಲು ಗಂಟು ಹಾಕಿಕೊಳ್ಳಬೇಕು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಗೊಣಗುವವರ ಜೊತೆ ನಾನಿಲ್ಲ.

ಈಗ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ, ಪೆಟ್ರೋಲೋ ಕರೆಂಟೋ. ಈ ವಿಷಯದಲ್ಲಿ ಬೆಂಗಳೂರು ಬರೀ ಕೊಳ್ಳುವ ಊರಲ್ಲ, ಮಾಡುವ ಊರೂ ಹೌದು. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್, ತನ್ನ ಮೊದಲ ಗಾಡಿ 450 ಅನ್ನು 2018ರಲ್ಲಿ ಇಲ್ಲಿಯೇ ರಸ್ತೆಗಿಳಿಸಿತು. 2020ರ ಜನವರಿಯಲ್ಲಿ ಟಿವಿಎಸ್ ಐಕ್ಯೂಬ್ ಮೊದಲು ಬಂದದ್ದೂ ಇಲ್ಲಿಗೇ. ಅದೇ ತಿಂಗಳು ಚೇತಕ್ ಕೂಡ ವಿದ್ಯುತ್ ಗಾಡಿಯಾಗಿ ಮರುಹುಟ್ಟು ಪಡೆಯಿತು. ಮೊದಲು ಸಿಕ್ಕಿದ್ದು ಪುಣೆ ಮತ್ತು ಬೆಂಗಳೂರಿನವರಿಗೆ. ಸ್ಕೂಟರ್ ಬೇಡವೆಂದು ಎದ್ದುಹೋದವರು ಹತ್ತು ವರ್ಷದ ಮೇಲೆ ಬೇರೆ ಬಾಗಿಲಿನಿಂದ ಒಳಬಂದರು. 2021ರ ಆಗಸ್ಟ್ 15ರಂದು ಓಲಾ ತನ್ನ ಗಾಡಿಯನ್ನು ತೋರಿಸಿತು.

ಲೆಕ್ಕ ಹೀಗಿದೆ. ಅದೇ 500 ಕಿಲೊಮೀಟರಿಗೆ, ಚಾರ್ಜಿಂಗಿನಲ್ಲಿ ಸೋರುವುದನ್ನೂ ಸೇರಿಸಿ, ಹದಿನೇಳು-ಹದಿನೆಂಟು ಯೂನಿಟ್ ಬೇಕಾದೀತು. ಯೂನಿಟ್ಟಿಗೆ ಆರು ರೂಪಾಯಿ ಎಂದುಕೊಂಡರೂ ನೂರರ ಸುತ್ತಮುತ್ತ. ಪೆಟ್ರೋಲಿಗೆ ಸಾವಿರ ದಾಟುವ ಕಡೆ ಇದು ನೂರು. ಇಲ್ಲಿಗೆ ಜಾಹೀರಾತು ನಿಲ್ಲುತ್ತದೆ, ಸಂಸಾರದ ಲೆಕ್ಕ ನಿಲ್ಲುವುದಿಲ್ಲ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಸಿಗುವ ವಿದ್ಯುತ್ತೆಂದರೆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ತುಸು. ಸ್ಕೂಟರಿನ ಯೂನಿಟ್ಟುಗಳು ಆ ತುಸುವನ್ನು ಮೀರಿದರೆ ಹೆಚ್ಚುವರಿಗೆ ದುಡ್ಡು. ಒಟ್ಟು 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. 190ರ ಅಂಚಿನಲ್ಲಿ ನಿಂತ ಮನೆಗೆ ಆ ತಿಂಗಳ ಸ್ಕೂಟರ್ ಸವಾರಿ ಪೆಟ್ರೋಲಿಗಿಂತಲೂ ದುಬಾರಿಯಾಗಬಹುದು. ಇನ್ನು ಮೂರನೆಯ ಮಹಡಿಯ ಬಾಡಿಗೆಯವರು ಚಾರ್ಜ್ ಮಾಡುವುದೆಲ್ಲಿ? ಕೆಳಗೆ ಪ್ಲಗ್ ಪಾಯಿಂಟ್ ಹಾಕಿಸಿಕೊಳ್ಳಲು ಓನರ್ ಒಪ್ಪಬೇಕು, ಅದು ಯಾರ ಮೀಟರಿಗೆ ಎಂದು ತೀರ್ಮಾನವಾಗಬೇಕು. ನನ್ನ ಮಟ್ಟಿಗೆ ಸ್ವಂತ ಮನೆ ಅಥವಾ ಸ್ವಂತ ಪ್ಲಗ್ ಇದ್ದವರು ಎರಡು ಸಲ ಯೋಚಿಸದೆ ವಿದ್ಯುತ್ತಿನದು ಕೊಳ್ಳಬಹುದು. ಇಲ್ಲದವರು ಮೊದಲು ಓನರ್ ಜೊತೆ ಕಾಫಿ ಕುಡಿಯಲಿ.

ಬ್ಯಾಟರಿ ಭಾರವಾದದ್ದು, ಆದ್ದರಿಂದ ಗಾಡಿಯ ತೂಕ ಕೆಳಗೇ ಇರಲೆಂದು ಹಲವು ಕಂಪನಿಗಳು ಅದನ್ನು ಫುಟ್‌ಬೋರ್ಡಿನಡಿ ಇಟ್ಟವು. ಓಟಕ್ಕೆ ಅದು ಒಳ್ಳೆಯದೇ, ತಿರುವಿನಲ್ಲಿ ಗಾಡಿ ನೆಟ್ಟಗೆ ನಿಲ್ಲುತ್ತದೆ. ಆದರೆ ಓಟದ ಹುಮ್ಮಸ್ಸಿನ ಮೊದಮೊದಲ ಗಾಡಿಗಳ ಇಕ್ಕಟ್ಟು ನೆಲ ಕಂಡು ನಮ್ಮ ಅಮ್ಮಂದಿರು ಮೂಗು ಮುರಿದರು. ಏಥರ್ 2024ರಲ್ಲಿ ತಂದ ರಿಜ್ಟಾ ಕುಟುಂಬದ ಗಾಡಿ. ಉದ್ದ ಸೀಟು, ಅಗಲ ನೆಲ. ಪರದೆ, ಆ್ಯಪ್, ವೇಗ ಎಲ್ಲ ತೋರಿಸಿ ಮುಗಿಸಿದ ಕಂಪನಿ ಕೊನೆಗೆ ಚೀಲ ಇಡುವ ಜಾಗಕ್ಕೇ ಬಂದು ನಿಂತಿತು.

ಹೊಸದು ಕೈಗೆಟುಕದವರಿಗೆ ಸೆಕೆಂಡ್ ಹ್ಯಾಂಡ್ ಇದ್ದೇ ಇದೆ. ಹಳೆಯ ಗಾಡಿಯನ್ನು ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಬೇಕು. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ತಿನ್ನುತ್ತಿದೆ. ಹೊರಡುವಾಗ ಗಾಡಿ ನಡುಗಿದರೆ ಕ್ಲಚ್ಚು, ರೋಲರು ಸವೆದಿವೆ. ಹ್ಯಾಂಡಲ್ ಒಂದು ಕಡೆ ಎಳೆದರೆ ಎಲ್ಲೋ ಬಿದ್ದು ಎದ್ದ ಗಾಡಿ. ಇದೆಲ್ಲ ಮೆಕ್ಯಾನಿಕ್ಕಿನ ಕಣ್ಣಿಗೆ ಬೀಳುತ್ತದೆ. ಬೀಳದಿರುವುದು ಕಾಗದ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರುವುದಿಲ್ಲ. ಮಾರಿದವರು ಸಹಿ ಹಾಕಿದ ಫಾರಂ ಕೈಗಿಟ್ಟು ‘ನಿಧಾನಕ್ಕೆ ಮಾಡಿಸ್ಕೊಳ್ಳಿ’ ಎನ್ನುತ್ತಾರೆ. ಕೊಂಡವರು ಮಾಡಿಸುವುದೇ ಇಲ್ಲ. ಇದರಲ್ಲಿ ಸಿಕ್ಕಿಬೀಳುವುದು ಮಾರಿದವರೇ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೈ ಬದಲಾಯಿಸಿ ವರ್ಷಗಳಾದ ಗಾಡಿಯ ಕೇಸು ಹಳೆಯ ಮಾಲೀಕರ ಬಾಗಿಲು ತಟ್ಟುವುದು ಹೀಗೆ.

ಮುಂಗಡ ಕೊಡುವ ಮೊದಲು ಗಾಡಿಯ ನಂಬರು ಹಾಕಿ ಬಾಕಿ ದಂಡವನ್ನೂ ನೋಡಿಬಿಡಿ. 2023ರ ಫೆಬ್ರುವರಿಯಲ್ಲಿ ಅರ್ಧ ಮಾಫಿ ಘೋಷಿಸಿದಾಗ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ದಂಡ ವಸೂಲಾಯಿತು ಎಂದರೆ ಬಾಕಿ ಎಷ್ಟಿರಬಹುದೆಂದು ಊಹಿಸಿಕೊಳ್ಳಿ. ಈಗಿನ ನೋಟಿಸುಗಳ ಜೊತೆ ಸಿಗ್ನಲ್ ಕ್ಯಾಮೆರಾದ ಫೋಟೊ ಕೂಡ ಬರುತ್ತದೆ. ಮಾರುವವರು ‘ಒಬ್ರೇ ಓಡಿಸಿದ್ದು ಸರ್, ಆಫೀಸಿಗೂ ಮನೆಗೂ ಅಷ್ಟೇ’ ಎಂದು ಪ್ರಮಾಣ ಮಾಡುತ್ತಿರುವಾಗ ಆ ಫೋಟೊಗಳನ್ನು ಒಂದೊಂದಾಗಿ ತೆರೆಯಿರಿ. ಸೀಟಿನ ಮೇಲೆ ಮೂವರು, ಫುಟ್‌ಬೋರ್ಡಿನಲ್ಲಿ ಸಿಮೆಂಟ್ ಮೂಟೆ ಕಂಡರೆ ಶಾಕ್ ಅಬ್ಸಾರ್ಬರಿನ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೇ ಮಾತು ಮುಂದುವರಿಸಿ.